ಗುಲಾಬಿ ರಾಯರ ಐದು ಸೆಂಟ್ಸ್

“ಈ ಗಿಡಕ್ಕೆ ಎಂತದೂ ಆರೈಕೆ ಬೇಡ ಮಾರಾಯ್ರೆ, ನೆಟ್ಟು ಬಿಟ್ಟರೆ ಆಯ್ತು” ಎಂಬ ಒಂದು ಮಾತನ್ನು ಹೇಳಿ ಮುಗಿಸಲು ಗುಲಾಬಿ ರಾಯರಿಗೆ ಸಾಧಾರಣ ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತೂ ಅವರು ಗೇಟಿನ ಒಳಗೆ, ನಾವು ಹೊರಗೆ. ಅವರ ಕೈಯಲ್ಲಿ ಕತ್ತರಿ, ನಮ್ಮ ಕೈಯಲ್ಲಿ ಹಾಲಿನ ಪ್ಯಾಕೆಟ್. ಏಪ್ರಿಲ್ ಸೆಕೆಯಲ್ಲಿ ಹೀಗೆ ನಿಂತು ನನ್ನ ಹಾಲು ಎರಡು ಸಲ ಒಡೆದಿದೆ.

ಉಳ್ಳಾಲದಿಂದ ಸುರತ್ಕಲ್, ಅಲ್ಲಿಂದ ಮಲ್ಪೆ, ಕುಂದಾಪುರ ಎಂದು ಕಡಲ ಬದಿಯ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಒಂದು ಕಡೆ ರಾಯರು, ಇನ್ನೊಂದು ಕಡೆ ಶೆಟ್ರು, ಮತ್ತೊಂದು ಕಡೆ ಪೈ ಮಾಮ್. ಹೆಚ್ಚಿನವರು ಬ್ಯಾಂಕಿನಿಂದ ನಿವೃತ್ತರಾದವರು. 1906ರಿಂದ 1931ರೊಳಗೆ ನಮ್ಮ ಅವಿಭಜಿತ ದಕ್ಷಿಣ ಕನ್ನಡ ದೇಶಕ್ಕೆ ಐದು ದೊಡ್ಡ ಬ್ಯಾಂಕುಗಳನ್ನು ಕೊಟ್ಟಿತಲ್ಲ, ಆ ಬ್ಯಾಂಕುಗಳು ಮೂವತ್ತೈದು ವರ್ಷ ಉತ್ತರದಲ್ಲೆಲ್ಲ ತಿರುಗಿಸಿ ಊರಿಗೆ ವಾಪಸು ಕಳಿಸಿದ ಮಾಲು ಇದು.

ನಮ್ಮ ರಾಯರಿಗೆ ಗುಲಾಬಿ ಹಿಡಿದದ್ದು ಚಂಡೀಗಢದಲ್ಲಿ. ಅಲ್ಲಿ ಜಾಕಿರ್ ಹುಸೇನ್ ಹೆಸರಿನ ದೊಡ್ಡ ಗುಲಾಬಿ ತೋಟ ಉಂಟು. ಭಾನುವಾರ ಭಾನುವಾರ ಅದನ್ನು ನೋಡಿ ನೋಡಿ, ನಿವೃತ್ತಿಯ ಹಣದಲ್ಲಿ ಸುರತ್ಕಲ್ಲಿನ ಹತ್ತಿರ ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟುವಾಗಲೇ ಅಂಗಳವನ್ನು ಗುಲಾಬಿಗೆ ಬರೆದುಕೊಟ್ಟಿದ್ದರು. ಚಂಡೀಗಢದಲ್ಲಿ ಇಡೀ ವರ್ಷ ಬೀಳುವ ಮಳೆ ನಮ್ಮಲ್ಲಿ ಹೆಚ್ಚುಕಡಿಮೆ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ ಎಂಬುದನ್ನು ಈ ಊರಲ್ಲೇ ಹುಟ್ಟಿದ ಮನುಷ್ಯ ಮರೆತಿದ್ದು ಹೇಗೆ ಎಂದು ಕೇಳಬೇಡಿ. ವರ್ಗಾವಣೆಯಲ್ಲಿ ಪಾತ್ರೆಪಗಡಿಯೇ ಕಳೆದುಹೋಗುತ್ತದೆ, ಮಳೆಗಾಲ ಯಾವ ಲೆಕ್ಕ.

ಮೊದಲ ವರ್ಷ ಜನವರಿಯ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಹನ್ನೆರಡು ಕಸಿ ಗಿಡ ತಂದರು. ರಾತ್ರಿ ಬಸ್ಸಿನಲ್ಲಿ ಗಿಡಗಳಿಗೆ ಸೀಟು, ರಾಯರ ಹೆಂಡತಿ, ಅಂದರೆ ನಮ್ಮೆಲ್ಲರ ಅಕ್ಕನ ತೊಡೆಯ ಮೇಲೆ ಬ್ಯಾಗು. ಶಿರಾಡಿ ಘಾಟಿಯ ಪ್ರತಿ ತಿರುವಿನಲ್ಲೂ ರಾಯರು ಎದ್ದು ನಿಂತು ಗಿಡ ಹಿಡಿದುಕೊಂಡರಂತೆ. ಅಂಗಳದ ಮುರಕಲ್ಲು ಅಗೆಯಲು ಎರಡು ಆಳು, ಎರಡು ದಿನ. ಮೇ ತನಕ ಹೂವೋ ಹೂವು, ಅಂಗೈ ಅಗಲದ್ದು. ಜೂನ್ ಬಂತು. ಗುಲಾಬಿ ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಸಾಕು, ಕಪ್ಪು ಚುಕ್ಕೆಯ ಬೂಸ್ಟು ಬೇರು ಬಿಡುತ್ತದೆ. ನಮ್ಮಲ್ಲಿ ಎಲೆ ಒದ್ದೆಯಾದರೆ ಒಣಗುವುದು ನವರಾತ್ರಿಗೆ. ಆಟಿ ತಿಂಗಳು ಮುಗಿಯುವಾಗ ಅಂಗಳದಲ್ಲಿ ಊದುಬತ್ತಿ ಚುಚ್ಚಿಟ್ಟ ಹಾಗೆ ಹನ್ನೊಂದು ಕಡ್ಡಿ.

ಹನ್ನೆರಡನೆಯದು ಮಾತ್ರ ಆಳೆತ್ತರ ಬೆಳೆಯಿತು. ರಾಯರು ಅದಕ್ಕೆ ಎರಡು ವರ್ಷ ನೆಲಗಡಲೆ ಹಿಂಡಿ ಹಾಕಿ, ಬಂದವರಿಗೆಲ್ಲ ತೋರಿಸಿದರು. ಹೂ ಮಾತ್ರ ಇಲ್ಲ. ಕೊನೆಗೆ ನರ್ಸರಿಯವ ಬಂದು ಬುಡ ನೋಡಿ ನಕ್ಕ. ಮೇಲೆ ಕಸಿ ಕಟ್ಟಿದ ಒಳ್ಳೆಯ ಜಾತಿ ಯಾವಾಗಲೋ ಸತ್ತಿತ್ತು, ಬೆಳೆದದ್ದು ಅಡಿಯ ಕಾಟು ಗಿಡ. ಸಾಲಗಾರ ತೀರಿಹೋಗಿ ಜಾಮೀನುದಾರ ದಪ್ಪಗಾದ ಈ ಕೇಸನ್ನು ತಮ್ಮ ಇಡೀ ಸರ್ವಿಸಿನಲ್ಲಿ ನೋಡಿರಲಿಲ್ಲ ಎಂದು ರಾಯರೇ ಒಪ್ಪಿಕೊಂಡರು.

ಇಷ್ಟಾದ ಮೇಲೆ ಬೇರೆಯವರಾದರೆ ದಾಸವಾಳ ನೆಡುತ್ತಿದ್ದರು. ರಾಯರು ಓದಲು ಕುಳಿತರು. ಅಮೆರಿಕದ ವಿಲಿಯಂ ರ್ಯಾಡ್ಲರ್ ಎಂಬವರು ಕಪ್ಪು ಚುಕ್ಕೆಗೆ ಜಗ್ಗದ, ಮೂರು ನಾಲ್ಕು ಅಡಿಗೆ ನಿಲ್ಲುವ, ಕೆಂಪು ಹೂವಿನ ‘ನಾಕ್ ಔಟ್’ ಗುಲಾಬಿಯನ್ನು 2000ದಲ್ಲಿ ಮಾರುಕಟ್ಟೆಗೆ ತಂದ ಕಥೆ ಅವರಿಗೆ ಸಿಕ್ಕಿತು. ಆಮೇಲೆ ಆ ರ್ಯಾಡ್ಲರ್ ನಮ್ಮ ಬೀದಿಗೆ ನೆಂಟನಂತೆ ಆಗಿಬಿಟ್ಟ. ಅವನ ಗಿಡ ರಾಯರಿಗೆ ಸಿಗಲಿಲ್ಲ, ಆದರೆ ಅವನ ಸಿದ್ಧಾಂತ ಸಿಕ್ಕಿತು: ಗಿಡ ಕುಳ್ಳಗಿರಬೇಕು, ಕೆಂಪಗಿರಬೇಕು, ಯಜಮಾನನನ್ನು ಕರೆಯಬಾರದು. ಅದಕ್ಕೆ ಸರಿಯಾಗಿ ರಸ್ತೆಬದಿಯ ಗಾಡಿಯಲ್ಲಿ ಇಪ್ಪತ್ತು ಕೆಂಪು ಬಟನ್ ಗುಲಾಬಿ ಸಿಕ್ಕಿದವು. ಒಂದೂವರೆ ಅಡಿಗಿಂತ ಮೇಲೆ ಏಳದ, ಎರಡು ರೂಪಾಯಿ ನಾಣ್ಯದಷ್ಟು ಹೂವಿನ ಗಿಡ. ಆಂಧ್ರದ ಕಡಿಯಂ ಕಡೆಯಿಂದ ಬಂದ ಮಾಲು, ಬುಡದಲ್ಲಿ ಮುಷ್ಟಿಯಷ್ಟು ಜಿಗುಟು ಕೆಂಪು ಮಣ್ಣಿನ ಉಂಡೆ. ಆ ಉಂಡೆ ಬಿಡಿಸದೆ ನೆಟ್ಟರೆ ಬೇರು ಒಳಗೇ ಕೊಳೆಯುತ್ತದೆ ಎಂದು ರಾಯರು ನಮಗೆಲ್ಲ ಹೇಳಿದರು. ಇಪ್ಪತ್ತರಲ್ಲಿ ಏಳು ಹೋದ ಮೇಲೆ ಹೇಳಿದರು.

ಆರೈಕೆ ಬೇಡದ ಈ ಹದಿಮೂರು ಗಿಡಗಳ ಹಿಂದೆ ರಾಯರ ದಿನ ಹೇಗೆ ಕಳೆಯುತ್ತದೆ ನೋಡಿ. ಬೆಳಿಗ್ಗೆ ಆರಕ್ಕೆ ಕಡಲಗಾಳಿಯ ಉಪ್ಪು ಹೋಗಲೆಂದು ಎಲೆ ತೊಳೆಯುವುದು. ಎಲೆ ಒದ್ದೆಯಿದ್ದರೆ ರೋಗ ಬರುತ್ತದೆಂದು ಏಳಕ್ಕೆ ಒರೆಸುವುದು. ಮೂರು ತೆಂಗಿನ ಮರದ ನೆರಳು ತಿರುಗಿದ ಹಾಗೆ ಚಟ್ಟಿಗಳನ್ನು ಬಿಸಿಲಿಗೆ ತಿರುಗಿಸುವುದು, ಆರು ಗಂಟೆ ಬಿಸಿಲು ಲೆಕ್ಕ. ಮೇಲಿಂದ ಮಡಲು ಬಿದ್ದರೆ ಪಂಚನಾಮೆ. ಸಂಜೆ ರಿಜಿಸ್ಟರು. ಬ್ಯಾಂಕಿನಲ್ಲಿ ಸಾಲದ ಕಂತು 90 ದಿನ ಮೀರಿದರೆ ಎನ್‌ಪಿಎ ಆಗುವ ಹಾಗೆ, ರಾಯರಲ್ಲಿ 90 ದಿನ ಹೂ ಬಿಡದ ಗಿಡ ಎನ್‌ಪಿಎ. ಅದನ್ನು ಬಚ್ಚಲುಮನೆಯ ಹಿಂದೆ ಇಟ್ಟು, ದಿನಾ ಹೋಗಿ ಗದರಿಸಿ ಬರುತ್ತಾರೆ.

ಹೂ ಬಿಟ್ಟರೆ ಕೀಳುವ ಹಾಗಿಲ್ಲ. ಒಂದು ಸಲ ಅಕ್ಕ ದೇವರಿಗೆಂದು ಕೈ ಹಾಕಿದಾಗ “ಅದು ಫಿಕ್ಸೆಡ್ ಡಿಪಾಸಿಟ್ಟು!” ಎಂದು ಒಳಗಿಂದ ಕೂಗಿದರಂತೆ. ಅಂಗಳದಲ್ಲಿ ಇಪ್ಪತ್ತಮೂರು ಗುಲಾಬಿ ಅರಳಿರುವಾಗ ಅಕ್ಕ ಪೇಟೆಯಿಂದ ಶಂಕರಪುರ ಮಲ್ಲಿಗೆ ತರಿಸಿ ಮುಡಿಯುತ್ತಾರೆ, ಅದೂ ಮದುವೆಯ ಸೀಸನ್ನಿನ ಅಟ್ಟೆ ರೇಟಿಗೆ. ನನ್ನನ್ನು ಕೇಳಿದರೆ ಈ ಕರಾವಳಿಯಲ್ಲಿ ಹೂ ಎಂದರೆ ಮಲ್ಲಿಗೆಯೇ. ಆದರೆ ಇದನ್ನು ಗೇಟಿನ ಎದುರು ಹೇಳುವ ಧೈರ್ಯ ನನಗಿಲ್ಲ.

ಒಂದು ಜುಲೈಯಲ್ಲಿ ಅಡಿಕೆಗೆ ಮದ್ದು ಬಿಡುವವನನ್ನೇ ಕರೆಸಿದರು. ಕೊಳೆರೋಗಕ್ಕೆ ಐವತ್ತಡಿ ಮರ ಏರಿ ಬೋರ್ಡೋ ಬಿಡುವ ಆಸಾಮಿ. ಪಂಪು ಹೊತ್ತು ಬಂದವ ಮೇಲೆ ನೋಡಿದ.

“ಮರ ಎಲ್ಲಿ ಧನಿಗಳೇ?”

“ಮರ ಅಲ್ಲ ಮಾರಾಯ, ಗಿಡ. ಇಗೋ, ಇಲ್ಲಿ.”

ಅವನು ಕೆಳಗೆ ನೋಡಿದ. ತುಂಬ ಹೊತ್ತು ನೋಡಿದ. “ಇದಕ್ಕೆ ಹತ್ತುವುದಾ, ಇಳಿಯುವುದಾ?”

ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕವನ್ನು ಎರಡು ಲೀಟರಿಗೆ ಇಳಿಸಿ, ಅಕ್ಕನ ಅಡುಗೆಮನೆಯ ತಕ್ಕಡಿಯಲ್ಲಿ ಇಪ್ಪತ್ತಿಪ್ಪತ್ತು ಗ್ರಾಂ ತೂಗಿ ಕೊಟ್ಟರು ರಾಯರು. ಕೆಲಸ ಐದು ನಿಮಿಷ, ಸಂಬಳ ಇಡೀ ದಿನದ್ದು, ಮೇಲೆ ಚಾ, ಎರಡು ಗೋಳಿಬಜೆ. ಒಂದು ವಾರದಲ್ಲಿ ಉಳಿದ ಎಲೆಯೂ ಉದುರಿತು. ತಂಪು ಹವೆಯಲ್ಲಿ ತಾಮ್ರ ಗುಲಾಬಿಯ ಎಲೆಯನ್ನೇ ಸುಡುತ್ತದಂತೆ. ಇದೂ ಆಮೇಲೆ ಓದಿ ತಿಳಿದದ್ದು. ಅಕ್ಕ ಹೊಸ ತಕ್ಕಡಿ ತರಿಸಿದರು.

ಪಕ್ಕದ ಮನೆ ಬಾಯಮ್ಮನದು. ಅವರಲ್ಲಿ ತೋಟವಿಲ್ಲ. ಹಿಂಬಾಗಿಲ ಮೆಟ್ಟಿಲ ಬದಿ, ಮಾಡಿನ ಅಡಿಯಲ್ಲಿ, ಬಿರುಕು ಬಿಟ್ಟ ಬಕೆಟಿನಲ್ಲಿ ಒಂದೇ ಒಂದು ಬಟನ್ ಗುಲಾಬಿ. ರಾಯರೇ ಸವರಿ ಬೀದಿಗೆ ಎಸೆದ ಕಡ್ಡಿ ಅದು. ಮಾಂಟಿ ಫೆಸ್ಟ್, ಅಂದರೆ ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಇಗರ್ಜಿಗೆ ಹೂ ಒಯ್ಯುತ್ತಾರಲ್ಲ, ಆ ವರ್ಷ ಬಾಯಮ್ಮನ ಮೊಮ್ಮಕ್ಕಳು ರಾಯರ ಗೇಟಿಗೂ ತಟ್ಟೆ ಹಿಡಿದು ಬಂದವು. ಒಳಗೆ ಹದಿಮೂರು ಕಡ್ಡಿ. ರಾಯರು ಮಕ್ಕಳಿಗೆ ಕಪ್ಪು ಚುಕ್ಕೆ ರೋಗದ ಬಗ್ಗೆ ಹೇಳಿದರು. ಮಕ್ಕಳು ಕೇಳಿಸಿಕೊಂಡು, ಅಜ್ಜಿಯ ಬಕೆಟಿನಿಂದ ತಟ್ಟೆ ತುಂಬಿಸಿಕೊಂಡು ಹೋದವು.

ಆ ಸಂಜೆ ರಾಯರು ಬೇಲಿಯ ಬಳಿ ಬಂದರು.

“ಬಾಯಮ್ಮ, ಇದಕ್ಕೆ ನೀವು ಎಂತ ಹಾಕುವುದು?”

“ಎಂತದೂ ಇಲ್ಲ ರಾಯರೇ. ಬೂತಾಯಿ, ಬಂಗುಡೆ ತೊಳೆದ ನೀರು ಚೆಲ್ಲುವುದು ಅಲ್ಲಿಗೇ. ಜೂನ್, ಜುಲೈ ಬೋಟು ನಿಲ್ಲಿಸಿದಾಗ ಗಿಡವೂ ಸ್ವಲ್ಪ ಸಪ್ಪೆ.”

“ಮತ್ತೆ?”

“ಮತ್ತೆಂತ? ದಿನಾ ಹೂ ಕೊಯ್ದು ಆಲ್ತಾರಿಗೆ ಇಡ್ತೇನೆ.”

ರಾಯರು ಸುಮ್ಮನಾದರು. ಮಾಡಿನ ಅಡಿ ಎಲೆ ಒದ್ದೆಯಾಗುವುದಿಲ್ಲ, ಬೆಳಗಿನ ಬಿಸಿಲು ನೇರ ಬೀಳುತ್ತದೆ, ಹೂ ಕೊಯ್ದರೆ ಅದೇ ಸವರಿದ ಲೆಕ್ಕ, ಹೊಸ ಚಿಗುರು, ಹೊಸ ಮೊಗ್ಗು. ಎಲ್ಲವೂ ಅವರ ಪುಸ್ತಕದಲ್ಲಿ ಇದ್ದದ್ದೇ. ಮೀನಿನ ನೀರು ಒಂದು ಇರಲಿಲ್ಲ, ಮತ್ತು ರಾಯರ ಮನೆಯಲ್ಲಿ ಈರುಳ್ಳಿಗೇ ಪ್ರವೇಶ ಇಲ್ಲ.

ಈಗ ಚಟ್ಟಿಗಳು ಮಾಡಿನ ಅಡಿಗೆ ಬಂದಿವೆ. ಅಕ್ಕನಿಗೆ ದಿನಕ್ಕೆ ಮೂರು ಹೂವಿನ ವಿತ್‌ಡ್ರಾವಲ್ ಮಂಜೂರಾಗಿದೆ. ರಿಜಿಸ್ಟರಿನಲ್ಲಿ ‘ದ್ರವ ಗೊಬ್ಬರ, ಹೊರಗಿನಿಂದ’ ಎಂಬ ಹೊಸ ಕಾಲಂ ಉಂಟು. ಕತ್ತಲಾದ ಮೇಲೆ ಬೇಲಿಯ ಮೇಲಿಂದ ಒಂದು ಮುಚ್ಚಳದ ಕ್ಯಾನು ದಾಟುವುದನ್ನು ನಾನು ನೋಡಿದ್ದೇನೆ, ಆದರೆ ಯಾರಲ್ಲೂ ಹೇಳಿಲ್ಲ. ಗೇಟಿನ ಎದುರಿನ ಭಾಷಣದಲ್ಲಿ ಏನೂ ಬದಲಾವಣೆ ಇಲ್ಲ, ಮೊನ್ನೆಯೂ “ಎಂತದೂ ಆರೈಕೆ ಬೇಡ ಮಾರಾಯ್ರೆ” ಎಂದೇ ಶುರುವಾಯಿತು. ಹಾಲಿನ ಪ್ಯಾಕೆಟ್ ಹಿಡಿದು ನಿಂತಲ್ಲೇ ಎಣಿಸಿದೆ. ಮೊದಲ ಚಟ್ಟಿಯಲ್ಲಿ ಹೂ ಒಂಬತ್ತು, ಸುತ್ತ ಬೆಕ್ಕು ಐದು.