ವಿಮಾನವಸ್ತ್ರ ಮೀಮಾಂಸೆ

ದುಬಾರಿ ಟಿಕೆಟ್ಟಿನ ವಿಮಾನಯಾತ್ರಿಕನು ಏನನ್ನು ಉಡತಕ್ಕದ್ದು ಎಂಬ ವಿಷಯದಲ್ಲಿ ಪೂರ್ವಾಚಾರ್ಯರು ತುಟಿ ಬಿಚ್ಚಿಲ್ಲ. ಪುಷ್ಪಕ ವಿಮಾನದಲ್ಲಿ ಬಿಸಿನೆಸ್ ಕ್ಲಾಸ್ ಇತ್ತೋ ಇಲ್ಲವೋ ಎಂಬುದೇ ಇತ್ಯರ್ಥವಾಗದಿರುವಾಗ ಅವರನ್ನು ದೂರಿ ಫಲವಿಲ್ಲ. ಶಾಸ್ತ್ರದ ಈ ಕೊರತೆಯನ್ನು ತುಂಬಲು ಅಲ್ಪಮತಿಯೊಬ್ಬ ಹೊರಟಿದ್ದಾನೆ, ಪಂಡಿತರು ಮನ್ನಿಸಬೇಕು.

ಮೊದಲು ಪೂರ್ವಪಕ್ಷ. ಹೆಚ್ಚು ಹಣ ತೆತ್ತವನು ಹೆಚ್ಚು ಠೀವಿಯಿಂದ ಉಡಬೇಕು ಎಂಬುದು ಇವರ ವಾದ. ಈ ಪಂಥದ ಮಠ ಆಸ್ಟ್ರೇಲಿಯದಲ್ಲಿದೆ. ಅಲ್ಲಿನ ಕ್ವಾಂಟಾಸ್ ಕಂಪನಿ 2015ರಲ್ಲಿ ತನ್ನ ಲೌಂಜುಗಳ ಬಾಗಿಲಲ್ಲಿ ವಸ್ತ್ರನಿಯಮವನ್ನು ಬಿಗಿಮಾಡಿತು. ಹವಾಯಿ ಚಪ್ಪಲಿ ನಿಷಿದ್ಧ. ಮಲಗುವ ಉಡುಪು ನಿಷಿದ್ಧ. ಆ ದೇಶದ ಹೆಮ್ಮೆಯಾದ ಕುರಿತೊಗಲಿನ ಅಗ್ ಬೂಟು ಕೂಡ ಮಲಗುವ ಉಡುಪಿನ ಪಂಗಡಕ್ಕೇ ಸೇರಿ ನಿಷಿದ್ಧ. ಸರಿ, ಯಾತ್ರಿಕ ಬೂಟಿನ ದಾರ ಬಿಗಿದುಕೊಂಡು ವಿಮಾನದ ಮುಂಭಾಗದಲ್ಲಿ ಹೋಗಿ ಕೂರುತ್ತಾನೆ. ದೂರದ ರಾತ್ರಿ ಪ್ರಯಾಣವಾದರೆ ಅದೇ ಕಂಪನಿಯ ಗಗನಸಖಿ ನಗುತ್ತ ಬಂದು ಅವನ ಕೈಗಿಡುವುದೇನು? ಕಾಂಗರೂ ಮುದ್ರೆಯ ಪೈಜಾಮ!

ಈ ವಿರೋಧಕ್ಕೆ ಪರಿಹಾರ ಒಂದೇ: ಪೈಜಾಮದ ದೋಷ ನೆಲಕ್ಕೆ ಅಂಟಿದ್ದು, ಏರೋಬ್ರಿಜ್ ದಾಟಿದರೆ ಕಳೆಯುತ್ತದೆ. ಹಿಂದೆ ಸಮುದ್ರ ದಾಟಿದವರಿಗೆ ದೋಷ ತಗಲುತ್ತಿತ್ತು. ಈಗ ದಾಟುವುದೇ ಪ್ರಾಯಶ್ಚಿತ್ತ.

ಇನ್ನು ಪೈಜಾಮಧಾರಣ ವಿಧಿ. ಶೌಚಾಲಯದಲ್ಲಿ ಒಂಟಿಕಾಲ ಮೇಲೆ ನಿಂತು, ಕಳಚಿದ ಪ್ಯಾಂಟು ಒದ್ದೆ ನೆಲಕ್ಕೆ ತಾಗದಂತೆ ಹಲ್ಲಲ್ಲಿ ಕಚ್ಚಿ ಹಿಡಿದು, ಇನ್ನೊಂದು ಕಾಲನ್ನು ತೂರಿಸತಕ್ಕದ್ದು. ಮೊಣಕೈ ನಲ್ಲಿಗೆ ಬಡಿದು ನೀರು ಹಾರುತ್ತದೆ. ವಿಮಾನ ಕುಲುಕಾಡಿ ಸೀಟ್‌ಬೆಲ್ಟಿನ ದೀಪ ಹೊತ್ತಿಕೊಳ್ಳುವುದೂ ಸರಿಯಾಗಿ ಆ ಗಳಿಗೆಯಲ್ಲೇ. ಕಂಪನಿಯ ಎಂ.ಡಿ.ಯಾಗಿ ಒಳಹೊಕ್ಕವರು ಜನರಲ್ ವಾರ್ಡಿನ ರೋಗಿಯಂತೆ ಹೊರಬರುತ್ತಾರೆ.

ಇನ್ನೊಂದು ಪ್ರಮಾಣ ಡೆನ್ವರಿನದು. 2017ರ ಮಾರ್ಚಿನಲ್ಲಿ ಲೆಗ್ಗಿಂಗ್ ತೊಟ್ಟಿದ್ದ ಇಬ್ಬರು ಹುಡುಗಿಯರನ್ನು ಯುನೈಟೆಡ್ ಏರ್‌ಲೈನ್ಸ್‌ನವರು ವಿಮಾನ ಹತ್ತಗೊಡಲಿಲ್ಲ. ಕಾರಣ, ಅವರದು ನೌಕರರ ಕಡೆಯವರಿಗೆ ಕೊಡುವ ಪಾಸು. ದುಡ್ಡು ತೆತ್ತವರ ಲೆಗ್ಗಿಂಗಿಗೆ ಸುಸ್ವಾಗತವೆಂದು ಕಂಪನಿ ಆಮೇಲೆ ತಿಳಿಸಿತು. ಹೀಗಾಗಿ ಉಡುಪಿನ ಶಿಸ್ತು ಟಿಕೆಟ್ ದರಕ್ಕೆ ವಿಲೋಮಾನುಪಾತದಲ್ಲಿರುತ್ತದೆ ಎಂಬ ಸೂತ್ರ ಸಿದ್ಧವಾಯಿತು. ಪೂರ್ವಪಕ್ಷ ಮಗುಚಿಬಿತ್ತು.

ಅತ್ತ ಅದೇ ವರ್ಷ ಏಪ್ರಿಲಿನಲ್ಲಿ, ಶಿಮ್ಲಾದಲ್ಲಿ ಅಗ್ಗದ ವಿಮಾನಯಾನದ ಉಡಾನ್ ಯೋಜನೆಗೆ ಚಾಲನೆ ಕೊಟ್ಟ ನಮ್ಮ ಪ್ರಧಾನಿ, ಹವಾಯಿ ಚಪ್ಪಲಿ ಮೆಟ್ಟಿದವರು ವಿಮಾನದಲ್ಲಿ ಕಾಣಬೇಕು ಎಂದರು. 2022ರಲ್ಲಿ ಕ್ವಾಂಟಾಸಿನ ಬೆಂಗಳೂರು–ಸಿಡ್ನಿ ನೇರ ವಿಮಾನವೂ ಶುರುವಾದ್ದರಿಂದ, ಒಂದೇ ಜೋಡಿ ಚಪ್ಪಲಿ ಹೋಗುವಾಗ ದೇಶಸೇವೆ, ಬರುವಾಗ ಅಪರಾಧ.

ಈಗ ಸಿದ್ಧಾಂತ. ನಿಯಮ ಬೇಕೇಬೇಕೆಂದಾದರೆ ಪಂಚೆಯನ್ನೇ ವಿಧಿಸತಕ್ಕದ್ದು. ಅದು ಲೌಂಜಿನಲ್ಲಿ ಉಡುಗೆ, ಮಲಗಿದಾಗ ಹೊದಿಕೆ, ಶೌಚಾಲಯದ ಸರ್ಕಸ್ಸಿಲ್ಲ. ಅದಕ್ಕೆ ರಾಜಾಶ್ರಯವೂ ಉಂಟು. 2024ರಲ್ಲಿ ಹಾವೇರಿ ಕಡೆಯ ರೈತರೊಬ್ಬರು ಪಂಚೆಯುಟ್ಟು ಬಂದರೆಂದು ಒಳಬಿಡದ ಬೆಂಗಳೂರಿನ ಮಾಲಿಗೆ ಸರ್ಕಾರ ಒಂದು ವಾರ ಬೀಗ ಹಾಕಿಸಿತ್ತು. (ಸಿನಿಮಾ ನೋಡಲು ಬಂದವರಿಗೆ ಬೀಗ ನೋಡುವ ಭಾಗ್ಯ.)

ಆಕ್ಷೇಪ: ಅಪಾಯಕಾಲದಲ್ಲಿ ಗಾಳಿತುಂಬಿದ ಜಾರುಬಂಡೆಯ ಮೇಲೆ ಜಾರುವಾಗ ಪಂಚೆಯ ಗತಿಯೇನು?

ಸಮಾಧಾನ: ಮೊನಚು ಹಿಮ್ಮಡಿಯ ಬೂಟಿನವರೂ ಅಲ್ಲಿ ಬೂಟು ಕಳಚಿಯೇ ಜಾರಬೇಕು; ಠೀವಿ ಅಲ್ಲಿ ಯಾರಿಗೂ ಇಲ್ಲ. ಪಂಚೆಯವರ ಮಟ್ಟಿಗೆ, ಪಟ್ಟಾಪಟ್ಟಿ ಚಡ್ಡಿಯನ್ನು ನಿಯಮದ ಅಂಗವೆಂದೇ ತಿಳಿಯತಕ್ಕದ್ದು. ಪಟ್ಟೆ ನೀಲಿಯದಿರಬೇಕೋ ಹಸಿರಿನದೋ ಎಂಬಲ್ಲಿ ಮತಭೇದವಿದೆ.