ಎಂಸಿಬಿ ಕಾಕಾ

ಬಸವಕಲ್ಯಾಣದ ಯಾವ ಓಣಿಯಲ್ಲಿ ಹೊಸ ಮನೆಗೆ ಸ್ಲ್ಯಾಬ್ ಬಿದ್ದರೂ ಕಾಕಾ ಹಾಜರ್. ಗಿಲಾವು ಆಗುವ ಮೊದಲೇ ಕರೆಂಟಿನ ಡಿಬಿ ಬಾಕ್ಸ್ ಗೋಡೆಯೊಳಗೆ ಕೂರಬೇಕಲ್ಲ! ಅದನ್ನು ಆರಿಸುವ ಹಕ್ಕು, ಯಾರೂ ಕೊಡದಿದ್ದರೂ, ಅವರದೇ. “ವಾಸ್ತು ಸ್ವಾಮಿಗೋಳು ನೋಡ್ಲಿ, ಡಬ್ಬಿ ನಾ ನೋಡ್ತೀನಿ.”

ಅನುಭವ ಮಂಟಪದ ಊರಿನವರು, ಅನುಭವಕ್ಕೇನು ಕೊರತೆ? ಪಿಂಗಾಣಿ ಫ್ಯೂಜಿನ ಕಾಲದಲ್ಲಿ ದಪ್ಪ ತಾಮ್ರದ ಎಳೆ ಕಟ್ಟಿ, “ಇನ್ನ ಇದು ಈ ಜನ್ಮದಾಗ ಹೋಗಂಗಿಲ್ಲ” ಎನ್ನುತ್ತಿದ್ದರು. ಫ್ಯೂಜ್ ಹೋಗಲೇ ಇಲ್ಲ, ಮೀಟರ್ ಹೋಯಿತು.

ಫ್ಯೂಜಿನ ಜಾಗಕ್ಕೆ ಎಂಸಿಬಿ ಬಂದ ಮೇಲೂ ಕಾಕಾನ ಸಿದ್ಧಾಂತ ಒಂದೇ: ಬೀಳುವ ಎಂಸಿಬಿ ಖರಾಬ್ ಮಾಲು. ಹಾಗಾಗಿ ದೀಪ, ಫ್ಯಾನಿನ ಲೈನಿಗೂ 32 ಆಂಪಿನದೇ ಬೇಕು.

“ಕಾಕಾ, ಒಂದೂವರೆ ಎಂಎಂ ವೈರಿಗೆ 10 ಆಂಪ್ ಸಾಕ್ರಿ. 32 ಹಾಕಿದ್ರ ಎಂಸಿಬಿ ಬೀಳೋದ್ರೊಳಗ ವೈರ್ ಸುಡ್ತದ,” ಎಂದ ವೈರ್‌ಮನ್.

“ವೈರ್ ಗೋಡಿ ಒಳಗ ಅದ. ಸುಟ್ರ ಯಾರಿಗ್ ಕಾಣ್ತದ?”

ಆರ್‌ಸಿಸಿಬಿಯ ಮಾತು ಬಂತು. “ಎಂಸಿಬಿ ವೈರ್ ಕಾಯ್ತದ, ಇದು ಮನುಷ್ಯಾನ್ನ ಕಾಯ್ತದ್ರಿ. 30 ಮಿಲಿಆಂಪ್ ಸೋರಿದ್ರೂ ಕಟ್ ಮಾಡ್ತದ.”

“ಇಷ್ಟಕ್ಕ ಸಿಟ್ಟಾಗೋ ಅಳಿಯ ಒಬ್ಬ ಅದಾನ, ಸಾಕು,” ಎಂದರು ಕಾಕಾ. ಗ್ರಾನೈಟಿಗೆ ಲಕ್ಷ ಸುರಿದ ಮನೆಯಲ್ಲೂ ಡಬ್ಬಿಗೆ ಬಂದಾಗ ಅವರ ಕೈ ಬಿಗಿ. “ಗೃಹಜ್ಯೋತಿಯಾಗ 200 ಯೂನಿಟ್ ತನಕ ಕರೆಂಟೇ ಪುಕ್ಕಟೆ. ಅದರ ಡಬ್ಬಿಗ್ಯಾಕ ಸಾವಿರಾರು?”

ಕಲ್ಯಾಣದ ಅಂಗಡಿಯಲ್ಲಿ ರೇಟು ಕೇಳಿದ ಮೇಲೆ ಹುಮನಾಬಾದಿನಲ್ಲಿ ಕೇಳುವುದು ಕಾಕಾನ ಕ್ರಮ. ಸಸ್ತಾಪುರ ಬಂಗ್ಲಾ ದಾಟಿ, ಹೆದ್ದಾರಿ ಹಿಡಿದು ಹೋಗಿ, ನಲವತ್ತು ರೂಪಾಯಿ ಉಳಿಸಿ ಬರುತ್ತಾರೆ. ಬಸ್ ಚಾರ್ಜು, ಚಹಾ, ಭಜಿ ಲೆಕ್ಕಕ್ಕಿಲ್ಲ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ರೇಟು ಕೇಳುವ ಕೆಲಸ ಕಾಕುಗೆ. ಹೆಂಗಸರಿಗೆ ಟಿಕೆಟಿಗೆ ದುಡ್ಡಿಲ್ಲವಲ್ಲ!

ಮಗನ ಮನೆಯ ಡಬ್ಬಿಗೂ ಹಾಗೇ ಕಳಿಸಿದರು. ರೇಟು ಕೇಳಿಬರಲು ಹೋದ ಕಾಕು ಮಾಲನ್ನೇ ತಂದರು: ಐಎಸ್‌ಐ ಗುರುತಿನ 10 ಮತ್ತು 16 ಆಂಪಿನ ಎಂಸಿಬಿಗಳು, ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ. ಕಾಕಾ ಬಾಯಿ ತೆರೆಯುವ ಮೊದಲೇ ಹೇಳಿದರು: “ಹಸಿ ಕೈಲೆ ವಾಷಿಂಗ್ ಮಷಿನ್ ಮುಟ್ಟೋಕಿ ನಾನು. ಅದಕ್ಕ ಡಬ್ಬಿ ಆರಿಸೋಕಿನೂ ನಾನೇ.”

ಈಗ ಅದರಲ್ಲೊಂದು ಬಿದ್ದರೆ ಕಾಕಾ ವಿಜಯೋತ್ಸವ ಮಾಡುತ್ತಾರೆ: “ನೋಡಿದ್ರಿ? ನಾ ಹೇಳಿದ್ದೆ, ಖರಾಬ್ ಮಾಲು!” ವೈರ್‌ಮನ್ ಬಂದು ನೋಡಿದರೆ ಗೀಸರಿನ ಕಾಯಿಲ್ ಒಡೆದಿರುತ್ತದೆ.

ನಿಮ್ಮ ಓಣಿಯಲ್ಲೂ ಇಂಥ ಕಾಕಾ ಇದ್ದೇ ಇರುತ್ತಾರೆ. ಚಹಾ ಕೊಡಿ, ಕುರ್ಚಿ ಕೊಡಿ, ಮಾತು ಕೇಳಿ ನಕ್ಕುಬಿಡಿ. ಜೆಸ್ಕಾಂ ಸಂಪರ್ಕಕ್ಕೆ ಪರವಾನಗಿ ಇರುವ ಗುತ್ತಿಗೆದಾರನ ಸಹಿ ಹೇಗೂ ಬೇಕು. ಡಬ್ಬಿಯನ್ನೂ ಅವನನ್ನು ಕೇಳಿಯೇ ಆರಿಸಿ. ಆಗಾಗ ಆರ್‌ಸಿಸಿಬಿಯ ‘ಟಿ’ ಗುಂಡಿ ಒತ್ತಿ ನೋಡಿ. ಬಿದ್ದರೆ ಒಳ್ಳೆಯ ಮಾಲು. ಬೀಳದಿದ್ದರೆ ಅದೇ ಖರಾಬ್.