ಮಿಂಟ್ ಭಾವ

ಫೋನ್ ಎತ್ತಿದ ಕೂಡಲೇ ಮಿಂಟ್ ಭಾವ ಕೇಳುವುದು ಒಂದೇ ಪ್ರಶ್ನೆ: "ಏನು ಮುಟ್ಟಿದ್ರಿ?" ಆ ಕಡೆಯ ಉತ್ತರವೂ ಮೊದಲೇ ಗೊತ್ತಿರುವಂಥದ್ದು: "ಏನೂ ಮುಟ್ಟಿಲ್ಲಪ್ಪಾ, ತಾನಾಗೇ ಹೋಯ್ತು." ಹೋಗಿರುವುದು ಕಂಪ್ಯೂಟರಿನ ಮೆನುವಿನಲ್ಲಿದ್ದ ಒಂದು ಹೆಸರು. ನಿನ್ನೆ ಇತ್ತು, ಇವತ್ತು ಇಲ್ಲ. ಬೇರೆಯವರಾದರೆ ಭಾನುವಾರ ಹಾಳಾಯಿತಲ್ಲ ಎಂದು ಗೊಣಗುತ್ತಿದ್ದರು. ಭಾವ ಮಾತ್ರ "ಪಾಪ, ಹೋಗದೇ ಇದ್ದರೆ ಹೇಗೆ" ಎಂದು ಹೆಂಡತಿಗೆ ಕೇಳಿಸುವ ಹಾಗೆ ಹೇಳುತ್ತ ಆಗಲೇ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿರುತ್ತಾರೆ.

ಇವರನ್ನು ನೀವು ಬಲ್ಲಿರಿ. ಹೊಟ್ಟೆಪಾಡಿನ ಕೆಲಸ ಬೇರೆ ಏನೋ ಇರುತ್ತದೆ, ಬ್ಯಾಂಕೋ ಹೈಸ್ಕೂಲೋ. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಯ ಕೈಬಿಟ್ಟಿತಲ್ಲ, ಆ ಬೇಸಿಗೆ ರಜೆಯಲ್ಲಿ ಭಾವ ಜೇಬಿನಲ್ಲೊಂದು ಪೆನ್‌ಡ್ರೈವ್ ಇಟ್ಟುಕೊಂಡು ನೆಂಟರ ಮನೆಗಳನ್ನೆಲ್ಲ ಸುತ್ತಿದರು. ಹಳೇ ಸಿಪಿಯು ಕಂಡಲ್ಲೆಲ್ಲ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿದರು. ಹಾಕಿಕೊಡಿ ಎಂದು ಯಾರೂ ಕೇಳಿರಲಿಲ್ಲ. ಆದರೆ "ವೈರಸ್ಸಿನ ಕಾಟ ಇಲ್ಲ, ದುಡ್ಡು ಕೊಡೋ ಹಾಗಿಲ್ಲ" ಎಂದ ಮೇಲೆ ಬೇಡ ಎನ್ನುವ ನೆಂಟರು ಎಲ್ಲಿದ್ದಾರೆ? 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಕಾಲವೂ ಮುಗಿದಾಗ ಭಾವನಿಗೆ ಎರಡನೇ ಸುಗ್ಗಿ. ಹಾಕಿಕೊಟ್ಟವರೇ ಕೊನೇತನಕ ನೋಡಿಕೊಳ್ಳಬೇಕು ಅನ್ನುವುದು ನೆಂಟಸ್ತಿಕೆಯ ಕಾನೂನು. ಹಾಗಾಗಿ ಫೋನುಗಳು ಬರುತ್ತಲೇ ಇರುತ್ತವೆ.

ಅವರದು ಒಂದೇ ಸಿದ್ಧಾಂತ: ಪ್ರೋಗ್ರಾಮ್ ಎಲ್ಲಿಗೂ ಹೋಗಿಲ್ಲ, ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದೆ ಅಷ್ಟೇ. ಇದನ್ನು ಕೇಳಿ ದೊಡ್ಡಮ್ಮ ಒಮ್ಮೆ, "ನಾನು ಮನೇಲೇ ಇದ್ದೀನಿ, ಗಟ್ಟಿಮುಟ್ಟಾಗಿದ್ದೀನಿ, ವೋಟರ್ ಲಿಸ್ಟಲ್ಲಿ ಮಾತ್ರ ಇಲ್ಲ. ಹಂಗೇನೋ?" ಎಂದಿದ್ದರು. ಭಾವ ಅಷ್ಟು ಚೆನ್ನಾಗಿ ಎಂದೂ ವಿವರಿಸಿರಲಿಲ್ಲ. ಮಾತು ನಿಜವೇ. ಲಿನಕ್ಸಿನಲ್ಲಿ ಮೆನುವಿಗೆ ಬರುವ ಒಂದೊಂದು ಪ್ರೋಗ್ರಾಮಿಗೂ 'ಡಾಟ್ ಡೆಸ್ಕ್‌ಟಾಪ್' ಎಂದು ಮುಗಿಯುವ ಪುಟ್ಟ ಫೈಲೊಂದು ಇರುತ್ತದೆ. ಹೆಸರೇನು, ಯಾವ ಕಮಾಂಡಿನಿಂದ ತೆರೆಯಬೇಕು, ಚಿತ್ರ ಯಾವುದು ಎಂಬ ಕೆಲವು ಸಾಲುಗಳು. ಮೆನು ಇವನ್ನು ಓದಿಕೊಂಡು ತನ್ನ ಪಟ್ಟಿ ಕಟ್ಟುತ್ತದೆ. ಲಿನಕ್ಸಿನ ಡೆಸ್ಕ್‌ಟಾಪ್‌ಗಳಲ್ಲಿ 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಹುಟ್ಟಿ ಇಬ್ಬರದೂ ಬೇರೆ ಬೇರೆ ಒಲೆಯಾಗಿತ್ತು. 2000ದಲ್ಲಿ ಹ್ಯಾವೊಕ್ ಪೆನ್ನಿಂಗ್ಟನ್ ಇಬ್ಬರಿಗೂ ಹೊಂದುವ ನಿಯಮಗಳಿಗೆಂದು ಫ್ರೀಡೆಸ್ಕ್‌ಟಾಪ್ ಶುರುಮಾಡಿದ ಮೇಲೆ ಒಂದೇ ಫೈಲು ಎರಡೂ ಮನೆಯಲ್ಲಿ ನಡೆಯುವಂತಾಯಿತು. ಈ ಇತಿಹಾಸವನ್ನು ಭಾವ ಎಲೆ ಹಾಕಿದ ಮೇಲೆ, ಸಾರು ಬರುವುದರೊಳಗೆ ಹೇಳಿ ಮುಗಿಸಬಲ್ಲರು. ಮುಗಿಸದಿದ್ದರೆ ಸಾರು ಆರುತ್ತದೆ.

ಒಂದು ನವೆಂಬರ್ 1ರಂದು ಅವರಿಗೆ ಕನ್ನಡಾಭಿಮಾನ ಉಕ್ಕಿ, ಕೈಗೆ ಸಿಕ್ಕ ಕಂಪ್ಯೂಟರುಗಳ ಭಾಷೆಯನ್ನೆಲ್ಲ ಕನ್ನಡಕ್ಕೆ ತಿರುಗಿಸಿದ್ದರು. ಆ ಪುಟ್ಟ ಫೈಲಿನಲ್ಲಿ ಕನ್ನಡದ ಹೆಸರಿಗೂ ಒಂದು ಸಾಲು ಇರಬಹುದು; ಇದ್ದರೆ ಮೆನು ಅದನ್ನೇ ತೋರಿಸುತ್ತದೆ. ಮರುದಿನ ಎಲ್ಲ ಮನೆಯಿಂದಲೂ ಫೋನು, "ಭಾವ, ಎಲ್ಲಾ ಮಾಯ!" ಯಾವುದೂ ಮಾಯವಾಗಿರಲಿಲ್ಲ. ಹೆಸರು ಬದಲಾಗಿ, ಮೂರನೇ ಸಾಲಿನಲ್ಲಿದ್ದದ್ದು ಹತ್ತನೆಯದಕ್ಕೆ ಹೋಗಿ ಕೂತಿತ್ತು.

ಭಾವನನ್ನು ನಿಜವಾಗಿ ನೋಯಿಸಿದವಳು ಅಣ್ಣನ ಮಗಳು. ಅವಳು ಫ್ಲ್ಯಾಟ್‌ಪ್ಯಾಕ್ ಎಂಬ ಬೇರೊಂದು ದಾರಿಯ ಮೂಲಕ ಚಿತ್ರ ಬರೆಯುವ ಪ್ರೋಗ್ರಾಮ್ ಒಂದನ್ನು ಹಾಕಿಕೊಂಡಳು, ಮೆನುವಿನಲ್ಲಿ ಬರಲಿಲ್ಲ. ಭಾವ ಬರುತ್ತೇನೆ ಎಂದರು, ಬಸ್ ಹತ್ತಿದರು. ದಾರಿಯಲ್ಲೇ ಅವಳ ಫೋನು: "ಚಿಕ್ಕಪ್ಪ, ಲಾಗೌಟ್ ಮಾಡಿ ಲಾಗಿನ್ ಆದೆ, ಬಂತು." ಅವಳು ಮಾಡಿದ್ದು ಸರಿಯೇ. ಫ್ಲ್ಯಾಟ್‌ಪ್ಯಾಕಿನ ಪಟ್ಟಿ ಇರುವುದು ಬೇರೆ ಫೋಲ್ಡರಿನಲ್ಲಿ, ಯಾವ್ಯಾವ ಫೋಲ್ಡರಿಗೆ ಹೋಗಿ ಹುಡುಕಬೇಕು ಎಂಬುದು ಮೆನುವಿಗೆ ತಿಳಿಯುವುದು ಲಾಗಿನ್ ಆಗುವಾಗ. ಭಾವನಿಗೆ ಇದು ಗೊತ್ತಿಲ್ಲದೆ ಇಲ್ಲ. ಆದರೂ "ಸರಿ ಹೋಗೋದು ಬೇರೆ, ಸರಿ ಮಾಡೋದು ಬೇರೆ" ಎಂದು ಮುಂದಿನ ಸ್ಟಾಪಿನಲ್ಲಿ ಇಳಿದರು.

ವಿಂಡೋಸ್ ಮನೆಗಳ ಕಷ್ಟವೂ ಅವರಿಗೆ ಬಾಯಿಪಾಠ. 2011ರ ಸುಮಾರಿಗೆ ಹಾರ್ಡ್ ಡಿಸ್ಕ್ ಕೆಟ್ಟಿದೆ ಎಂದು ಹೆದರಿಸಿ ದುಡ್ಡು ಕೀಳುವ ನಕಲಿ ಪ್ರೋಗ್ರಾಮುಗಳು ಬಂದಿದ್ದವು. ಅವು ಸ್ಟಾರ್ಟ್ ಮೆನುವಿನ ಶಾರ್ಟ್‌ಕಟ್‌ಗಳನ್ನು ಎತ್ತಿ ಟೆಂಪ್ ಫೋಲ್ಡರಿನೊಳಗೆ 'ಎಸ್‌ಎಂಟಿಎಂಪಿ' ಎಂಬಲ್ಲಿ ಬಚ್ಚಿಡುತ್ತಿದ್ದವು. ಗಾಬರಿಯಲ್ಲಿ ಟೆಂಪ್ ಫೈಲುಗಳನ್ನು ಗುಡಿಸಿ ಹಾಕಿದವರು ಉಳಿದದ್ದನ್ನೂ ಕಳೆದುಕೊಂಡರು. ಭಾವನ ಎದುರು ಇವತ್ತಿಗೂ "ಟೆಂಪ್ ಕ್ಲೀನ್ ಮಾಡಿದೆ" ಎಂದು ಜಂಬ ಕೊಚ್ಚುವ ಹಾಗಿಲ್ಲ. 2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಬಟನ್ನನ್ನೇ ಕಿತ್ತುಹಾಕಿದಾಗ ಅವರು ನಕ್ಕಿದ್ದೇ ನಕ್ಕಿದ್ದು: "ನಮ್ಮೋರು ಒಂದು ಹೆಸರು ಕಳೀತಾರೆ, ಇವರು ಮೆನುವನ್ನೇ ಕಳೆದರಲ್ಲ!" ಬಟನ್ ಮರುವರ್ಷ 8.1ರಲ್ಲಿ ಬಂತು. ಸರಿಯಾದ ಮೆನು ಬಂದದ್ದು 2015ರ ವಿಂಡೋಸ್ 10ರಲ್ಲಿ.

ಅವರ ಪಾಲಿನ ಪರ್ವದಿನವೆಂದರೆ 2023ರ ಜನವರಿ 13, ಸಂಕ್ರಾಂತಿಗೆ ಎರಡು ದಿನ ಮುಂಚಿನ ಶುಕ್ರವಾರ. ಆಫೀಸ್ ಮ್ಯಾಕ್ರೋಗಳ ಕಿತಾಪತಿ ತಡೆಯುವುದಕ್ಕೆಂದು ಮೈಕ್ರೋಸಾಫ್ಟ್ ಡಿಫೆಂಡರಿನಲ್ಲಿದ್ದ ಒಂದು ನಿಯಮ, ಹೊಸ ಅಪ್‌ಡೇಟ್ ಬಂದದ್ದೇ ತಡ, ಕಂಪನಿಗಳ ಕಂಪ್ಯೂಟರುಗಳಲ್ಲಿ ನಿರಪರಾಧಿ ಶಾರ್ಟ್‌ಕಟ್‌ಗಳನ್ನು ಅಳಿಸುತ್ತ ಹೋಯಿತು. ಸ್ಟಾರ್ಟ್ ಮೆನು, ಟಾಸ್ಕ್‌ಬಾರ್, ಡೆಸ್ಕ್‌ಟಾಪ್ ಮೂರೂ ಕಡೆ ಬೋಳು. ವರ್ಡು, ಎಕ್ಸೆಲ್ಲು ಒಳಗೆ ಕ್ಷೇಮವಾಗಿಯೇ ಇದ್ದವು, ತಲುಪಲು ಬಾಗಿಲಿರಲಿಲ್ಲ. ಮೈಕ್ರೋಸಾಫ್ಟ್ ಆ ಅಪ್‌ಡೇಟನ್ನು ಹಿಂದಕ್ಕೆ ಪಡೆದು, ಶಾರ್ಟ್‌ಕಟ್‌ಗಳನ್ನು ಹೊಸದಾಗಿ ಮಾಡಿಕೊಡಲು ಒಂದು ಸ್ಕ್ರಿಪ್ಟ್ ಕೊಟ್ಟಿತು. ಅದರಿಂದ ಎಲ್ಲವೂ ಬರಲಿಲ್ಲ. ಬೆಂಗಳೂರಿನ ಭಾಮೈದ ಹಬ್ಬಕ್ಕೆ ಬಂದು "ಹೌದು ಭಾವ, ನಮ್ಮಲ್ಲೂ ಹೋಯ್ತು" ಎಂದಾಗ ಭಾವ ಎಳ್ಳುಬೆಲ್ಲದ ತಟ್ಟೆ ಕೆಳಗಿಟ್ಟು, ಕಾಲು ಮಡಚಿ ಕೂತು, "ಮೊದಲಿಂದ ಹೇಳು" ಎಂದರು.

ಇಷ್ಟೆಲ್ಲ ಬಲ್ಲವರ ಕೈಚಳಕ ನೋಡಬೇಕಾದರೆ ಮಾವನ ಮನೆಯಲ್ಲೇ ನೋಡಬೇಕು. ಮಾವನವರು ಬಡಾವಣೆ ಸಂಘದ ಖಜಾಂಚಿ. ನೀರಿನ ಬಿಲ್ಲು, ವಾಚ್‌ಮನ್ ಸಂಬಳ ಎಲ್ಲ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ. ಒಂದು ಸಂಜೆ ನೋಡುತ್ತಾರೆ, ಮೆನುವಿನಲ್ಲಿ ಕ್ಯಾಲ್ಕ್ ಇಲ್ಲ. ಅದರ ತಮ್ಮ ರೈಟರ್ ಇದೆ, ಅತ್ತೆಯವರ ಇಸ್ಪೀಟಾಟ ಇದೆ. ಅಳಿಯ ಬಂದು ಟರ್ಮಿನಲ್ ತೆರೆದು ಒಂದು ಸಾಲು ಕುಟ್ಟಿದರು. ಕ್ಯಾಲ್ಕ್ ತೆರೆಯಿತು.

"ಬಂತಲ್ಲ! ಸಾಕು ಬಿಡಿ ಅಳಿಯಂದ್ರೇ" ಎಂದು ಮಾವನವರು ಕನ್ನಡಕ ಏರಿಸಿ ಕುರ್ಚಿ ಎಳೆದುಕೊಂಡರು.

ಭಾವ ಅದನ್ನು ಮುಚ್ಚಿಬಿಟ್ಟರು. "ಸುಮ್ಮನೆ ತೋರಿಸಿದ್ದು ಮಾವ. ಪ್ರೋಗ್ರಾಮ್ ಇದೆ ಅಂತ ಖಾತ್ರಿ ಆಯ್ತಲ್ಲ. ಇನ್ನು ಮೆನು ಕಡೆ ಬರೋಣ."

ಅಲ್ಲಿಂದ ತನಿಖೆ. ಸಿಸ್ಟಮ್ಮಿನ ಫೋಲ್ಡರಿನಲ್ಲಿ ಕ್ಯಾಲ್ಕ್‌ನ ಡೆಸ್ಕ್‌ಟಾಪ್ ಫೈಲು ಇದ್ದಲ್ಲೇ ಇತ್ತು. ಮಾವನವರ ಹೋಮ್ ಫೋಲ್ಡರಿನ ಒಳಗೊಳಗೆ, ಚುಕ್ಕೆಯಿಂದ ಶುರುವಾಗುವ ಅಡಗು ಫೋಲ್ಡರಿನಲ್ಲಿ, ಅದೇ ಹೆಸರಿನ ಇನ್ನೊಂದು ಪ್ರತಿ ಸಿಕ್ಕಿತು. ಹೀಗೆ ಎರಡಿದ್ದಾಗ ಮನೆಯೊಳಗಿನದರ ಮಾತೇ ನಡೆಯುವುದು. ತೆರೆದರೆ ಅದರಲ್ಲೊಂದು ಸಾಲು: 'ನೋ ಡಿಸ್‌ಪ್ಲೇ ಈಕ್ವಲ್ಸ್ ಟ್ರೂ'. ಅಂದರೆ ತೋರಿಸಬೇಡ ಎಂದು ಯಾರೋ ಹೇಳಿದ್ದಾರೆ. ಮೆನು ಎಡಿಟರಿನಲ್ಲಿ ಟಿಕ್ ತೆಗೆದರೆ ಹುಟ್ಟುವ ಸಾಲು ಅದು. ಟಿಕ್ ತೆಗೆಯುವುದು ಹೇಗೆಂದು ಈ ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತು. ಇಸ್ಪೀಟು ಬೇಗ ಸಿಗಬೇಕು ಎಂದು ಅತ್ತೆ ಕೇಳಿದಾಗ, ದೀಪಾವಳಿಗೆ ಬಂದಿದ್ದ ಭಾವನೇ ಹೇಳಿಕೊಟ್ಟಿದ್ದರು.

ಫೈಲು ಹುಟ್ಟಿದ ಸಮಯ ನೋಡಿದರು. ಗುರುವಾರ ಮಧ್ಯಾಹ್ನ 2:40. ಮಾವನವರು ಮಲಗುವ ಹೊತ್ತು.

ಭಾವ ತಲೆಯೆತ್ತಿದರು. ಅಡುಗೆಮನೆ ಬಾಗಿಲಲ್ಲಿ ಅತ್ತೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. "ಯಾರು ಮಾಡಿದ್ದು ಅಂತೆಲ್ಲ ಗೊತ್ತಾಗುತ್ತಾ ಅದರಲ್ಲಿ?"

"ಇಲ್ಲ ಅತ್ತೆ, ಅಪ್‌ಡೇಟ್ ಬಂದಾಗ ಒಂದೊಂದ್ ಸಲ ಹೀಗಾಗತ್ತೆ" ಎಂದರು ಭಾವ, ಪ್ರತಿಯನ್ನು ಅಳಿಸುತ್ತ. ಮೆನುವಿನಲ್ಲಿ ಕ್ಯಾಲ್ಕ್ ಬಂದು ಕೂತಿತು. ಮಾವನವರು ಆಗಲೇ ನೀರಿನ ಬಿಲ್ಲಿನ ಕಂತೆ ಬಿಚ್ಚಿದ್ದರು; ಇನ್ನು ರಾತ್ರಿ ಊಟಕ್ಕೆ ಏಳಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಅತ್ತೆ ಕಾಫಿ ತಂದು ಅಳಿಯನ ಕೈಗಿತ್ತು, ದನಿ ತಗ್ಗಿಸಿ ಕೇಳಿದರು, "ಆ ಅಪ್‌ಡೇಟು ಎಷ್ಟು ದಿನಕ್ಕೊಂದ್ ಸಲ ಬರುತ್ತೆ?"